ಗಾಡಿ ಎಳೀತಿಲ್ಲ ಗುರು! ಕಾಣೆಯಾದ ಹಾರ್ಸ್‌ಪವರ್ ಹುಡುಕೋದು ಹೇಗೆ?

1999ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಮಸ್ಟ್ಯಾಂಗ್ ಎಸ್‌ವಿಟಿ ಕೋಬ್ರಾದ ಹೊಸ ಮಾಡೆಲ್ ಮಾರುಕಟ್ಟೆಗೆ ಬಿಟ್ಟಿತು. 4.6 ಲೀಟರ್ ವಿ8 ಇಂಜಿನ್, ನಾಲ್ಕು ಕ್ಯಾಮ್‌ಶಾಫ್ಟ್, ಬ್ರೋಷರ್‌ನಲ್ಲಿ 320 ಹಾರ್ಸ್‌ಪವರ್. ಹಿಂದಿನ ಕೋಬ್ರಾದಲ್ಲಿ ಇದ್ದದ್ದು 305. ದುಡ್ಡು ಕೊಟ್ಟು ತಗೊಂಡವರು ಕಾರನ್ನ ಡೈನೊ ಮೇಲೆ ಹತ್ತಿಸಿದ್ರು. ಹೇಳಿದಷ್ಟು ಪವರ್ ಬರಲಿಲ್ಲ. ಒಬ್ಬರಿಗಲ್ಲ, ಬೇರೆ ಬೇರೆ ಊರಿನ ಹಲವರಿಗೆ ಹೀಗೇ ಆಯ್ತು. ಕೊನೆಗೆ ಆಗಸ್ಟ್ 1999ರಲ್ಲಿ ಫೋರ್ಡ್ ಮಾರಾಟವನ್ನೇ ನಿಲ್ಲಿಸಿ, ಮಾರಿದ್ದ ಕಾರುಗಳನ್ನೂ ವಾಪಸ್ ಕರೆಸಿಕೊಂಡಿತು. ಇನ್‌ಟೇಕ್ ಮ್ಯಾನಿಫೋಲ್ಡ್ ಬದಲಾಯ್ತು, ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ ಹಿಂದಕ್ಕೆ ಇಡೀ ಎಕ್ಸಾಸ್ಟ್ ಬದಲಾಯ್ತು, ಇಂಜಿನ್ ಕಂಪ್ಯೂಟರನ್ನೂ ಸರಿಪಡಿಸಿದ್ರು. 2000ನೇ ಇಸವಿಯಲ್ಲಿ ಸಾಮಾನ್ಯ ಕೋಬ್ರಾ ಬರಲೇ ಇಲ್ಲ. ರೇಸ್‌ಗೆ ಅಂತ 300 'ಕೋಬ್ರಾ ಆರ್' ಕಾರು ಮಾತ್ರ ಮಾಡಿದ್ರು. 320ರ ಕೋಬ್ರಾ ಮತ್ತೆ ಬಂದಿದ್ದು 2001ಕ್ಕೆ.

ಈ ಕಥೆಯಲ್ಲಿ ನಮಗೆ ಬೇಕಾಗಿರೋದು ಇಷ್ಟು. ಆ ಕಾರುಗಳಲ್ಲಿ ಯಾವ ಪಾರ್ಟೂ ಮುರಿದಿರಲಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಿರಲಿಲ್ಲ, ಇಂಜಿನ್ ನಡುಗುತ್ತಿರಲಿಲ್ಲ, ಹೊಗೆ ಬರ್ತಿರಲಿಲ್ಲ. ಗಾಳಿ ಒಳಗೆ ಹೋಗೋ ದಾರಿ, ಹೊರಗೆ ಬರೋ ದಾರಿ ಸ್ವಲ್ಪ ಇಕ್ಕಟ್ಟಾಗಿತ್ತು ಅಷ್ಟೇ. 'ಪಿಕಪ್ ಇಲ್ಲ' ಅಂತ ಗ್ಯಾರೇಜಿಗೆ ಹೋದ್ರೆ ಸಾಮಾನ್ಯವಾಗಿ ಪ್ಲಗ್ ಹಾಕಿ, ಕಾಯಿಲ್ ಹಾಕಿ, ಫಿಲ್ಟರ್ ಹಾಕಿ, ಆಮೇಲೆ ಟರ್ಬೊ ಹೋಗಿದೆ ಅಂತಾರೆ. ಪ್ರತಿ ಸಲ ಸಾವಿರಗಟ್ಟಲೆ ಬಿಲ್. ಪಾರ್ಟ್ ಬದಲಾಯಿಸೋದನ್ನ ರೋಗ ಪತ್ತೆ ಅಂತ ಕರೆಯೋದು ನನ್ನ ಪ್ರಕಾರ ತಪ್ಪು. ಎರಡನೇ ವರ್ಷದ ಥರ್ಮೋಡೈನಮಿಕ್ಸ್ ಮತ್ತು ಒಂದು ಒಬಿಡಿ ಡಾಂಗಲ್ ಇದ್ರೆ ಅದಕ್ಕಿಂತ ಚೆನ್ನಾಗಿ ಹುಡುಕಬಹುದು. ಹೇಗೆ ಅಂತ ನೋಡೋಣ.

ಮೊದಲು: ನಿಜವಾಗ್ಲೂ ಕಳೆದುಹೋಗಿದೆಯಾ?

ಜಗಳ ಅರ್ಧ ಇಲ್ಲೇ ಮುಗಿಯುತ್ತೆ. 200 ಪಿಎಸ್ ಅಂದ್ರೆ 200 ಎಚ್‌ಪಿ ಅಲ್ಲ. 1 ಪಿಎಸ್ ಅಂದ್ರೆ 735.5 ವ್ಯಾಟ್, 1 ಎಚ್‌ಪಿ ಅಂದ್ರೆ 745.7 ವ್ಯಾಟ್. ಹಾಗಾಗಿ 200 ಪಿಎಸ್ ಸುಮಾರು 197 ಎಚ್‌ಪಿ. ಇದು ಚಿಕ್ಕ ವ್ಯತ್ಯಾಸ. ದೊಡ್ಡದು ಏನಂದ್ರೆ, ಕಂಪನಿ ಹೇಳೋದು ಕ್ರ್ಯಾಂಕ್ ಹತ್ತಿರದ ಪವರ್, ರೋಲರ್ ಡೈನೊ ಅಳೆಯೋದು ಚಕ್ರದ ಹತ್ತಿರದ ಪವರ್. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬೇರಿಂಗ್, ಟೈರ್ ಎಲ್ಲ ತಮ್ಮ ಪಾಲು ತಗೊಂಡೇ ಬಿಡೋದು. ಶೇ. 15 ಅಂತ ಎಲ್ಲರೂ ಕಣ್ಣು ಮುಚ್ಚಿ ಹೇಳ್ತಾರೆ. ಅದು ಅಂದಾಜು ಮಾತ್ರ, ನಿಯಮ ಅಲ್ಲ. ಯಾವ ಗೇರ್, ಟೈರ್‌ನಲ್ಲಿ ಎಷ್ಟು ಗಾಳಿ, ಬೆಲ್ಟ್ ಎಷ್ಟು ಬಿಗಿ ಕಟ್ಟಿದ್ದಾರೆ ಅನ್ನೋದರ ಮೇಲೆ ಅದು ಬದಲಾಗುತ್ತೆ.

ಇನ್ನು ಕರೆಕ್ಷನ್ ಫ್ಯಾಕ್ಟರ್. ಡೈನೊ ಶೀಟ್‌ನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ 'ಎಸ್‌ಎಇ' ಅಂತಲೋ 'ಎಸ್‌ಟಿಡಿ' ಅಂತಲೋ ಬರೆದಿರುತ್ತೆ. ಎಸ್‌ಎಇ ಲೆಕ್ಕ 25 ಡಿಗ್ರಿ ಸೆಲ್ಸಿಯಸ್, 99 ಕಿಲೋಪಾಸ್ಕಲ್‌ಗೆ ಹೊಂದಿಸುತ್ತೆ. ಎಸ್‌ಟಿಡಿ ಇನ್ನೂ ತಣ್ಣನೆಯ, ಇನ್ನೂ ದಟ್ಟವಾದ ಗಾಳಿಯನ್ನ ಊಹಿಸಿಕೊಳ್ಳುತ್ತೆ. ಅದೇ ಕಾರು, ಅದೇ ದಿನ, ಅದೇ ರನ್. ಎಸ್‌ಟಿಡಿಯಲ್ಲಿ ಸುಮಾರು ಶೇ. 4 ಜಾಸ್ತಿ ಕಾಣುತ್ತೆ. ಹೋದ ವರ್ಷ ಎಸ್‌ಟಿಡಿಯಲ್ಲಿ 290 ಬಂದಿದ್ದು, ಈ ವರ್ಷ ಇನ್ನೊಂದು ಕಡೆ ಎಸ್‌ಎಇಯಲ್ಲಿ 279 ಬಂದ್ರೆ ಗಾಡಿ ಆರೋಗ್ಯವಾಗೇ ಇದೆ.

ಊರೂ ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ ಶೇ. 10 ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಆದ್ರೆ ಅಷ್ಟೇ ಪವರ್ ಕಡಿಮೆ. ಇಲ್ಲಿನ ಹವೆ ತಂಪು, ಹಾಗಾಗಿ ಒಂದೆರಡು ಪರ್ಸೆಂಟ್ ವಾಪಸ್ ಸಿಗುತ್ತೆ. ಕರಾವಳಿ ಕಡೆಯವರು ಗಾಡಿ ತಗೊಂಡು ಕಾಲೇಜಿಗೆ ಬಂದು 'ಇಲ್ಲಿ ಬಂದ ಮೇಲೆ ಡಲ್ ಆಯ್ತು' ಅನ್ನೋದು ಭ್ರಮೆ ಅಲ್ಲ, ಭೌತಶಾಸ್ತ್ರ. ಟರ್ಬೊ ಇಂಜಿನ್‌ನಲ್ಲಿ ಇಸಿಯು ಒಂದು ನಿಗದಿತ ಒತ್ತಡಕ್ಕೆ ಗುರಿ ಇಡುತ್ತೆ, ಟರ್ಬೊ ಸ್ವಲ್ಪ ಜಾಸ್ತಿ ತಿರುಗಿ ಆ ಕೊರತೆ ತುಂಬುತ್ತೆ. ಆದ್ದರಿಂದ ಟರ್ಬೊ ಕಾರಿಗೆ ಎತ್ತರದ ಕರೆಕ್ಷನ್ ಪೂರ್ತಿ ಹಾಕಿದ್ರೆ ಇಲ್ಲದ ಪವರ್ ಪೇಪರ್ ಮೇಲೆ ಹುಟ್ಟುತ್ತೆ. ನಮ್ಮ ಊರಿನ ಕೆಲವು 'ಸ್ಟೇಜ್ 2' ಶೀಟ್‌ಗಳ ಗುಟ್ಟು ಇದೇ ಇರಬಹುದು ಅಂತ ನನ್ನ ಅನುಮಾನ.

ಡೈನೊ ಇಲ್ಲದಿದ್ರೂ ಪರವಾಗಿಲ್ಲ. ಪವರ್ ಅಂದ್ರೆ ಬಲ ಗುಣಿಸು ವೇಗ, ಅಷ್ಟೇ ತಾನೇ? ಚಾಲಕ ಸೇರಿ 1450 ಕೆಜಿ ತೂಕದ ಒಂದು ಕಾರು, ಮೂರನೇ ಗೇರ್, ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಗಂಟೆಗೆ 100 ಕಿಮೀ ದಾಟುವ ಕ್ಷಣದಲ್ಲಿ, ಅಂದ್ರೆ ಸೆಕೆಂಡಿಗೆ 27.8 ಮೀಟರ್ ವೇಗದಲ್ಲಿ, ಲಾಗ್ ಪ್ರಕಾರ ವೇಗೋತ್ಕರ್ಷ 2.6 ಅಂತಿಟ್ಟುಕೊಳ್ಳಿ. 1450 × 2.6 × 27.8 ಅಂದ್ರೆ 105 ಕಿಲೋವ್ಯಾಟ್. ಗಾಳಿಯನ್ನ ಸೀಳೋಕೆ ಸುಮಾರು 9, ಟೈರ್ ಉರುಳೋಕೆ ಸುಮಾರು 5. ಒಟ್ಟು 119 ಕಿಲೋವ್ಯಾಟ್, ಚಕ್ರದ ಹತ್ತಿರ 159 ಎಚ್‌ಪಿ. ಚಕ್ರ, ಫ್ಲೈವೀಲ್ ತಿರುಗಿಸೋ ಜಡತ್ವ ನಾನು ಬಿಟ್ಟಿದ್ದೀನಿ, ನೀವು ಸೇರಿಸಿಕೊಳ್ಳಿ. ಆದ್ರೆ ರಸ್ತೆ ಶೇ. 2ರಷ್ಟು ಏರು ಇದ್ರೆ ಅದೊಂದೇ 8 ಕಿಲೋವ್ಯಾಟ್ ತಿನ್ನುತ್ತೆ. ಕಣ್ಣಿಗೆ ಸಮತಟ್ಟು ಅನ್ನಿಸೋ ರಸ್ತೆಯಲ್ಲಿ 10 ಎಚ್‌ಪಿ ಮಾಯ! ಹಾಗಾಗಿ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತಗೋಬೇಕು. ಇದನ್ನೆಲ್ಲ ಮಾಡೋದು ಟ್ರ್ಯಾಕ್ ಡೇಯಲ್ಲಿ. ರಿಂಗ್ ರೋಡಿನಲ್ಲಿ ರಾತ್ರಿ ಎರಡು ಗಂಟೆಗೆ ಅಲ್ಲ.

ಎಲ್ಲವನ್ನೂ ಒಂದೇ ಥರ ಇಟ್ಟು ಅಳೆದ ಮೇಲೂ ಕಡಿಮೆ ಬಂದ್ರೆ, ಹಾಂ, ಕಳೆದಿದೆ. ಈಗ ಹುಡುಕೋದು.

ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ?

ಪೆಟ್ರೋಲ್ ಇಂಜಿನ್‌ನಲ್ಲಿ ಪವರ್ ನಿರ್ಧಾರ ಮಾಡೋದು ಪೆಟ್ರೋಲ್ ಅಲ್ಲ, ಗಾಳಿ. ಪೆಟ್ರೋಲ್ ಎಷ್ಟು ಬೇಕಾದ್ರೂ ಚಿಮ್ಮಿಸಬಹುದು, ಅದನ್ನ ಸುಡೋಕೆ ಆಮ್ಲಜನಕ ಬೇಕಲ್ಲ. ಫುಲ್ ಥ್ರಾಟಲ್‌ನಲ್ಲಿ ಸುಮಾರು 12.5 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಬೀಳುತ್ತೆ. ಅಂದ್ರೆ ಸೆಕೆಂಡಿಗೆ 1 ಗ್ರಾಂ ಗಾಳಿ ಒಳಗೆ ಹೋದ್ರೆ 0.08 ಗ್ರಾಂ ಪೆಟ್ರೋಲ್. ಗ್ರಾಂಗೆ 43 ಕಿಲೋಜೌಲ್ ಲೆಕ್ಕದಲ್ಲಿ 3.44 ಕಿಲೋವ್ಯಾಟ್ ಶಾಖ. ಫುಲ್ ಲೋಡ್‌ನಲ್ಲಿ ಇದರ ಶೇ. 27 ಕ್ರ್ಯಾಂಕ್‌ಗೆ ಬಂತು ಅಂತ ಹಿಡಿದ್ರೆ 0.93 ಕಿಲೋವ್ಯಾಟ್, ಅಂದ್ರೆ 1.25 ಎಚ್‌ಪಿ. ಇದನ್ನ ಅಂಗೈ ಮೇಲೆ ಬರೆದಿಟ್ಟುಕೊಳ್ಳಿ: ಸೆಕೆಂಡಿಗೆ ಒಂದು ಗ್ರಾಂ ಗಾಳಿ, ಒಂದೂಕಾಲು ಹಾರ್ಸ್‌ಪವರ್. ಇಂಜಿನ್‌ನಿಂದ ಇಂಜಿನ್‌ಗೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತೆ, ಆದ್ರೆ ರೋಗ ಹಿಡಿಯೋಕೆ ಇಷ್ಟು ಸಾಕು.

ಕೋಬ್ರಾಗೆ ಹಾಕಿ ನೋಡಿ. 4.6 ಲೀಟರ್ ಫೋರ್ ಸ್ಟ್ರೋಕ್ ಇಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 230 ಲೀಟರ್ ಗಾಳಿ ಎಳೆಯಬೇಕು. ಲೀಟರಿಗೆ 1.16 ಗ್ರಾಂ ಅಂದ್ರೆ 267 ಗ್ರಾಂ. 320 ಎಚ್‌ಪಿ ಬರೋಕೆ 256 ಗ್ರಾಂ ಬೇಕು, ಅಂದ್ರೆ ವಾಲ್ಯೂಮೆಟ್ರಿಕ್ ಎಫಿಶಿಯೆನ್ಸಿ ಶೇ. 96. ಅದೇ ಇಂಜಿನ್ ಶೇ. 87ಕ್ಕೆ ಇಳಿದ್ರೆ ಪವರ್ 290ಕ್ಕೆ ಇಳಿಯುತ್ತೆ. ಮ್ಯಾನಿಫೋಲ್ಡ್ ಒಳಗಿನ ಎರಕದ ಒರಟು, ಸ್ವಲ್ಪ ಇಕ್ಕಟ್ಟಾದ ಎಕ್ಸಾಸ್ಟ್ ಸೇರಿ ಒಂಬತ್ತು ಪರ್ಸೆಂಟ್ ತಿಂದ್ರೆ 30 ಕುದುರೆ ಹೋದ ಹಾಗೆ. ಕೋಬ್ರಾದಲ್ಲಿ ಯಾಕೆ ಮ್ಯಾನಿಫೋಲ್ಡನ್ನೂ ಎಕ್ಸಾಸ್ಟನ್ನೂ ಬದಲಾಯಿಸಿದ್ರು ಅಂತ ಈಗ ಅರ್ಥ ಆಯ್ತಲ್ಲ?

ಫಾರ್ಮುಲಾ ಟೀಮ್‌ನವರಿಗೂ ಇದೇ ಲೆಕ್ಕ. 20 ಮಿಮೀ ರಿಸ್ಟ್ರಿಕ್ಟರ್ ಚೋಕ್ ಆದಾಗ ಸಮುದ್ರಮಟ್ಟದಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 74 ಗ್ರಾಂ ಬಿಡುತ್ತೆ. ಕೆಟಿಎಂನ 373 ಸಿಸಿ ಇಂಜಿನ್ 9000 ಆರ್‌ಪಿಎಂನಲ್ಲಿ ಕೇಳೋದು ಸರಾಸರಿ 32 ಗ್ರಾಂ. ಹಾಗಾದ್ರೆ ರಿಸ್ಟ್ರಿಕ್ಟರ್‌ನಿಂದ ತೊಂದರೆನೇ ಇಲ್ವಾ ಅಂದ್ರೆ, ಇದೆ. ಒಂದೇ ಸಿಲಿಂಡರ್ ನಾಲ್ಕು ಸ್ಟ್ರೋಕ್‌ನಲ್ಲಿ ಒಂದರಲ್ಲಿ ಮಾತ್ರ ಉಸಿರು ಎಳೆಯುತ್ತೆ. ಆ ಹೊತ್ತಿನ ಹರಿವು ಸರಾಸರಿಗಿಂತ ಹಲವು ಪಟ್ಟು. ಪ್ಲೀನಮ್ ಚಿಕ್ಕದಾದ್ರೆ ಅಲ್ಲೇ ಉಸಿರುಕಟ್ಟುತ್ತೆ.

ಇ20 ಬಗ್ಗೆ ಒಂದು ಮಾತು, ಯಾಕಂದ್ರೆ ಈಗ ಎಲ್ಲಾ ಪಾಪಕ್ಕೂ ಅದನ್ನೇ ಹೊಣೆ ಮಾಡ್ತಾರೆ. ಎಥನಾಲ್‌ನಲ್ಲಿ ಗ್ರಾಂಗೆ 26.8 ಕಿಲೋಜೌಲ್ ಮಾತ್ರ ಇದೆ, ನಿಜ. ಆದ್ರೆ ಒಂದು ಗ್ರಾಂ ಎಥನಾಲ್ ಸುಡೋಕೆ 9 ಗ್ರಾಂ ಗಾಳಿ ಸಾಕು, ಪೆಟ್ರೋಲ್‌ಗೆ 14.7 ಬೇಕು. ಭಾಗಿಸಿ ನೋಡಿ: ಒಂದು ಗ್ರಾಂ ಗಾಳಿಗೆ ಪೆಟ್ರೋಲ್ 2.93 ಕಿಲೋಜೌಲ್ ಕೊಡುತ್ತೆ, ಎಥನಾಲ್ 2.98. ಗಾಳಿಯೇ ಪವರ್ ನಿರ್ಧಾರ ಮಾಡೋದಾದ್ರೆ ಫುಲ್ ಥ್ರಾಟಲ್ ಪವರ್ ಬೀಳೋಕೆ ಕಾರಣ ಇಲ್ಲ. ಬೀಳೋದು ಮೈಲೇಜ್. ಆದ್ರೆ ಜಾಸ್ತಿ ಇಂಧನ ಚಿಮ್ಮಿಸಬೇಕಾಗುತ್ತೆ, ಆದ್ದರಿಂದ ಮೊದಲೇ ಸೊರಗಿದ್ದ ಫ್ಯುಯೆಲ್ ಪಂಪ್ ಇದ್ರೆ ಅದು ಈಗ ಸಿಕ್ಕಿಬೀಳುತ್ತೆ.

ಗಾಲ್ಫ್ ಜಿಟಿಐನ್ನ ಪರೀಕ್ಷೆಗೆ ತಗೋಳೋಣ

ಉದಾಹರಣೆಗೆ ಐದನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 2.0 ಲೀಟರ್ ಟಿಎಫ್‌ಎಸ್‌ಐ ಟರ್ಬೊ, 200 ಪಿಎಸ್, 280 ನ್ಯೂಟನ್ ಮೀಟರ್. ನಮ್ಮ ರಸ್ತೆಯಲ್ಲಿ ಕಾಣೋದು ಅಪರೂಪ, ಆದ್ರೆ ಪವರ್ ಕಳೆದುಕೊಳ್ಳೋ ಎಲ್ಲಾ ದಾರಿಗಳೂ ಈ ಒಂದೇ ಇಂಜಿನ್‌ನಲ್ಲಿ ಸಿಗುತ್ತವೆ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ರೋಗಿ ಬೇರೆ ಇಲ್ಲ. ನಮ್ಮ ಲೆಕ್ಕದ ಪ್ರಕಾರ 197 ಎಚ್‌ಪಿಗೆ ಸುಮಾರು 158 ಗ್ರಾಂ ಗಾಳಿ ಬೇಕು.

ಲಾಗ್ ಹಾಕುವ ಮುಂಚೆ ಒಂದು ಕೆಲಸ. ಇಗ್ನಿಷನ್ ಆನ್, ಇಂಜಿನ್ ಆಫ್. ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಕ್ಯಾನರ್‌ನಲ್ಲಿ ಪೆಡಲ್ ಪೊಸಿಷನ್ ನೋಡಿ. ಶೇ. 80ರಲ್ಲಿ ನಿಂತಿದ್ರೆ ಕೆಳಗೆ ಬಗ್ಗಿ ನೋಡಿ, ದಪ್ಪನೆಯ ಹೊಸ ಫ್ಲೋರ್ ಮ್ಯಾಟ್ ಅಡ್ಡ ಬಂದಿರುತ್ತೆ. ನಗಬೇಡಿ, ಕೇಬಲ್ ಥ್ರಾಟಲ್‌ನ ಹಳೇ ಕಾರುಗಳಲ್ಲಿ ಸಡಿಲ ಕೇಬಲ್ ಕೂಡ ಇದೇ ಆಟ ಆಡುತ್ತೆ.

ಲಾಗ್‌ಗೆ ಏಳೆಂಟು ಚಾನೆಲ್ ಸಾಕು: ಆರ್‌ಪಿಎಂ, ಗಾಳಿ ಅಳೆಯೋ ಎಂಎಎಫ್ ಸೆನ್ಸರ್, ಕೇಳಿದ ಬೂಸ್ಟ್, ಸಿಕ್ಕಿದ ಬೂಸ್ಟ್, ಒಳಬರುವ ಗಾಳಿಯ ಉಷ್ಣತೆ, ಇಗ್ನಿಷನ್ ಟೈಮಿಂಗ್, ಲ್ಯಾಂಬ್ಡಾ, ಫ್ಯುಯೆಲ್ ರೈಲ್ ಒತ್ತಡ. ಅಗ್ಗದ ಬ್ಲೂಟೂತ್ ಡಾಂಗಲ್ ಇವನ್ನೆಲ್ಲ ಒಟ್ಟಿಗೆ ಓದೋಕೆ ಹೋದ್ರೆ ಸೆಕೆಂಡಿಗೆ ಒಂದೋ ಎರಡೋ ಸಲ ಮಾತ್ರ ಓದುತ್ತೆ. ಮೂರು ಮೂರು ಚಾನೆಲ್ ಇಟ್ಟು ಹಲವು ಸಲ ಓಡಿಸೋದು ವಾಸಿ. ಒಂದೇ ಗೇರ್‌ನಲ್ಲಿ 2000ದಿಂದ ರೆಡ್‌ಲೈನ್‌ವರೆಗೆ ಒಂದೇ ಎಳೆತ.

ಇಸಿ, ಎಲೆಕ್ಟ್ರಿಕಲ್ ಗೆಳೆಯರೇ, ಇಲ್ಲಿಂದ ಮುಂದೆ ನಿಮ್ಮ ಓಮ್ಸ್ ಲಾ ಸಾಕು. ಬೂಸ್ಟ್ ಒತ್ತಡವನ್ನ ವೋಲ್ಟೇಜ್ ಅನ್ಕೊಳ್ಳಿ, ಗಾಳಿಯ ಹರಿವನ್ನ ಕರೆಂಟ್ ಅನ್ಕೊಳ್ಳಿ. ವೋಲ್ಟೇಜೂ ಕಡಿಮೆ, ಕರೆಂಟೂ ಕಡಿಮೆ ಇದ್ರೆ ಸಪ್ಲೈಯಲ್ಲಿ ತೊಂದರೆ. ವೋಲ್ಟೇಜ್ ಸರಿ ಇದ್ದು ಕರೆಂಟ್ ಕಡಿಮೆ ಇದ್ರೆ ಮುಂದೆ ಎಲ್ಲೋ ರೆಸಿಸ್ಟೆನ್ಸ್ ಜಾಸ್ತಿಯಾಗಿದೆ. ಎರಡೂ ಸರಿ ಇದ್ದು ಮೋಟಾರ್ ಮಾತ್ರ ಎಳೀತಿಲ್ಲ ಅಂದ್ರೆ ತೊಂದರೆ ಲೋಡ್ ಕಡೆ ಇದೆ.

ಮೊದಲನೆಯದು, ಸಪ್ಲೈ ತೊಂದರೆ. ಇಸಿಯು 1.9 ಬಾರ್ ಕೇಳ್ತಿದೆ, ಸಿಗ್ತಿರೋದು 1.5, ಗಾಳಿ 125 ಗ್ರಾಂ ಅಂತಿಟ್ಟುಕೊಳ್ಳಿ. ಸ್ಕ್ಯಾನರ್‌ನಲ್ಲಿ ಪಿ0299 ಕೋಡ್ ಬಂದ್ರೂ ಬರಬಹುದು. ಅದು 'ಬೂಸ್ಟ್ ಸಾಲ್ತಿಲ್ಲ' ಅಂತ ಮಾತ್ರ ಹೇಳುತ್ತೆ, 'ಟರ್ಬೊ ಬದಲಾಯಿಸಿ' ಅಂತ ಹೇಳಲ್ಲ. ಆದ್ರೆ ಟರ್ಬೊ ಬೆಲೆ ಕೇಳಿದವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತು. ಈ ಇಂಜಿನ್‌ನ ಮೊದಮೊದಲ ಕಾರುಗಳಲ್ಲಿ ಟರ್ಬೊ ಮೇಲಿನ ಡೈವರ್ಟರ್ ವಾಲ್ವ್ ಒಳಗೆ ರಬ್ಬರ್ ಪೊರೆ ಇತ್ತು. ಅದು ಹರಿಯುತ್ತೆ. ಹರಿದ್ರೆ ಒತ್ತಿದ ಗಾಳಿ ಟರ್ಬೊದ ಬಾಯಿಗೇ ವಾಪಸ್ ಬರುತ್ತೆ, ಟರ್ಬೊ ಸುಮ್ಮನೆ ಸುತ್ತುತ್ತೆ. ಆಮೇಲೆ ಕಂಪನಿಯವರೇ ಪೊರೆ ತೆಗೆದು ಪಿಸ್ಟನ್ ಇರೋ ವಾಲ್ವ್ ತಂದ್ರು. ಟರ್ಬೊಗೆ ಹೋಲಿಸಿದ್ರೆ ಚಿಲ್ಲರೆ ಖರ್ಚು.

ಹೋಸ್ ಬಿರುಕು ಬಿಟ್ಟು ಗಾಳಿ ಹೊರಗೆ ಹೋಗ್ತಿದ್ರೆ ಲಾಗ್ ಬೇರೆ ಥರ ಕಾಣುತ್ತೆ. ಎಂಎಎಫ್ ಆ ಗಾಳಿಯನ್ನ ಈಗಾಗಲೇ ಎಣಿಸಿಬಿಟ್ಟಿರುತ್ತೆ. ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಹಾಕುತ್ತೆ. ಸಿಲಿಂಡರ್‌ಗೆ ಗಾಳಿ ತಲುಪಿರಲ್ಲ, ಮಿಶ್ರಣ ರಿಚ್ ಆಗುತ್ತೆ, ಫ್ಯುಯೆಲ್ ಟ್ರಿಮ್ ಮೈನಸ್ ಕಡೆ ಹೋಗುತ್ತೆ, ಸೈಲೆನ್ಸರ್‌ನಲ್ಲಿ ಕಪ್ಪು ಮಸಿ. ಹುಡುಕೋಕೆ ಏರ್ ಫಿಲ್ಟರ್ ಕಡೆಯಿಂದ ಕಂಪ್ರೆಸರ್ ಗಾಳಿ ಮೆಲ್ಲಗೆ ತುಂಬಿ, ಜಾಯಿಂಟುಗಳಿಗೆ ಸೋಪ್ ನೀರು ಹಚ್ಚಿ. ಪಂಕ್ಚರ್ ಅಂಗಡಿಯ ವಿದ್ಯೆ, ಯಾವ ಸ್ಕ್ಯಾನರ್‌ಗೂ ಕಡಿಮೆ ಇಲ್ಲ. ಟ್ರಿಮ್ ತದ್ವಿರುದ್ಧವಾಗಿ ಪ್ಲಸ್ 10, 12 ಅಂತ ಇದ್ದು ಗ್ರಾಂ ಕಡಿಮೆ ತೋರಿಸ್ತಿದ್ರೆ ಎಂಎಎಫೇ ಸುಳ್ಳು ಹೇಳ್ತಿರಬಹುದು. ಎಣ್ಣೆ ಹಚ್ಚಿದ 'ಪರ್ಫಾರ್ಮೆನ್ಸ್' ಫಿಲ್ಟರ್ ಹಾಕಿದವರು ಇಲ್ಲಿ ಸ್ವಲ್ಪ ಗಮನ ಕೊಡಿ. ಆ ಎಣ್ಣೆ ಸೆನ್ಸರ್‌ನ ತಂತಿಗೆ ಹತ್ತಿಕೊಳ್ಳುತ್ತೆ.

ಎರಡನೆಯದೇ ನನಗೆ ಇಷ್ಟ, ಯಾಕಂದ್ರೆ ಇದನ್ನ ಊಹೆಯಿಂದ ಹಿಡಿಯೋಕೆ ಆಗಲ್ಲ. ಕೇಳಿದ 1.9 ಬಾರ್ ಸಿಕ್ಕಿದೆ. ಬೂಸ್ಟ್ ಗೇಜ್ ನೋಡಿ ಮೆಕ್ಯಾನಿಕ್ 'ಟರ್ಬೊ ಫಸ್ಟ್ ಕ್ಲಾಸ್' ಅಂತಾನೆ. ಗಾಳಿ ಮಾತ್ರ 158ರ ಬದಲು 138 ಗ್ರಾಂ. ಮೊದಲು ಉಷ್ಣತೆ ನೋಡಿ: ಒತ್ತಡ ಒಂದೇ ಇದ್ದು ಗಾಳಿ 30 ಡಿಗ್ರಿ ಬದಲು 60 ಡಿಗ್ರಿ ಇದ್ರೆ ಕೆಲ್ವಿನ್‌ನಲ್ಲಿ 303ನ್ನ 333ರಿಂದ ಭಾಗಿಸಿ, ಸಾಂದ್ರತೆ ಶೇ. 9 ಕಡಿಮೆ. ಟ್ರಾಫಿಕ್‌ನಲ್ಲಿ ನಿಂತು ಕಾದ ಇಂಟರ್‌ಕೂಲರ್, ಅಥವಾ ಫ್ಯಾನ್ ಸರಿ ಇಲ್ಲದ ಡೈನೊ ರೂಮ್, ಅಷ್ಟೇ. ಉಷ್ಣತೆ ಸರಿ ಇದ್ರೆ ದಾರಿ ಕಟ್ಟಿದೆ. ಈ ಇಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮುತ್ತೆ. ಹಳೇ ಪೋರ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್‌ನ ಬೆನ್ನು ತೊಳೆದು ಹೋಗ್ತಿತ್ತು. ಇಲ್ಲಿ ತೊಳೆಯೋರು ಯಾರೂ ಇಲ್ಲ. ಕ್ರ್ಯಾಂಕ್‌ಕೇಸ್‌ನಿಂದ ಬರೋ ಎಣ್ಣೆ ಆವಿ ವಾಲ್ವ್ ಮೇಲೆ ಕೂತು, ಬೆಂದು, ಇದ್ದಿಲಿನಂತೆ ಗಟ್ಟಿಯಾಗುತ್ತೆ. ಬಚ್ಚಲ ಪೈಪಿನಲ್ಲಿ ಸೋಪಿನ ಜಿಡ್ಡು ಕಟ್ಟೋ ಹಾಗೆ ದಿನದಿನಕ್ಕೂ ಸ್ವಲ್ಪ ಸ್ವಲ್ಪ. ಹಾಗಾಗಿ ಓಡಿಸೋನಿಗೆ ಗೊತ್ತೇ ಆಗಲ್ಲ. 420 ಪಿಎಸ್‌ನ ಆಡಿ ಆರ್‌ಎಸ್4ರ 4.2 ಲೀಟರ್ ವಿ8 ಇದೇ ಕಾಯಿಲೆಗೆ ಕುಖ್ಯಾತ. ಚಿಕಿತ್ಸೆ, ವಾಲ್‌ನಟ್ ಅಂದ್ರೆ ಅಕ್ರೋಟಿನ ಚಿಪ್ಪಿನ ಪುಡಿಯನ್ನ ಗಾಳಿಯಲ್ಲಿ ಚಿಮ್ಮಿಸಿ ಉಜ್ಜೋದು. ಟೊಯೊಟಾ ತನ್ನ ಡಿ-4ಎಸ್ ಇಂಜಿನ್‌ಗಳಲ್ಲಿ ಎರಡೂ ಥರದ ಇಂಜೆಕ್ಟರ್ ಇಟ್ಟಿರೋದರಿಂದ ಈ ತೊಳೆಯೋ ಕೆಲಸವೂ ನಡೆಯುತ್ತೆ.

ದಾರಿ ಹಿಂದೆಯೂ ಕಟ್ಟಿರಬಹುದು. ಕ್ಯಾಟಲಿಟಿಕ್ ಕನ್ವರ್ಟರ್ ಒಳಗಿನ ಜೇನುಗೂಡು ಕರಗಿ ಕೂತಿದ್ರೆ ಹೊಗೆ ಹೊರಗೆ ಹೋಗಲ್ಲ, ಹೊಸ ಗಾಳಿಗೆ ಜಾಗ ಇರಲ್ಲ. ಕನ್ವರ್ಟರ್ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿ. 2500 ಆರ್‌ಪಿಎಂನಲ್ಲಿ 0.2 ಬಾರ್ ದಾಟಿದ್ರೆ ಅನುಮಾನ ಪಡಬೇಕು. ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದ್ರೂ ಒತ್ತಡ ಸರಿ, ಹರಿವು ಕಡಿಮೆ ಅನ್ನೋ ಇದೇ ಚಿತ್ರ ಬರುತ್ತೆ.

ಇಸಿಯು ಬೇಕಂತಲೇ ಕೊಡ್ತಿಲ್ಲ

ಮೂರನೇ ಥರ. ಬೂಸ್ಟ್ ಸರಿ, ಗಾಳಿ 158 ಗ್ರಾಂ ಸರಿ, ಪವರ್ ಇಲ್ಲ. ಗಾಳಿ ಒಳಗೆ ಹೋಗಿದೆ, ಆದ್ರೆ ಸರಿಯಾದ ಹೊತ್ತಿಗೆ ಸುಡ್ತಿಲ್ಲ. ಇಗ್ನಿಷನ್ ಟೈಮಿಂಗ್ ಚಾನೆಲ್ ನೋಡಿ. ನಾಕ್ ಕೇಳಿಸಿದ ತಕ್ಷಣ ಇಸಿಯು ಸ್ಪಾರ್ಕನ್ನ ತಡ ಮಾಡುತ್ತೆ. ಒಂದೆರಡು ಡಿಗ್ರಿಗೆ ನಷ್ಟ ಚಿಕ್ಕದು, ಆಮೇಲೆ ಡಿಗ್ರಿ ಹೆಚ್ಚಿದಂತೆ ನಷ್ಟ ಬೇಗ ಬೇಗ ಬೆಳೆಯುತ್ತೆ. ನಾಲ್ಕೂ ಸಿಲಿಂಡರ್‌ನಲ್ಲಿ ಒಂದೇ ಸಮ ತಡ ಆಗ್ತಿದ್ರೆ ಪೆಟ್ರೋಲ್‌ನ ಆಕ್ಟೇನ್ ಅಥವಾ ಬಿಸಿ ಗಾಳಿ ಕಾರಣ ಇರಬಹುದು. ಒಂದೇ ಸಿಲಿಂಡರ್‌ನಲ್ಲಿ ಮಾತ್ರ ಇದ್ರೆ ಆ ಸಿಲಿಂಡರ್‌ನ ಪ್ಲಗ್, ಇಂಜೆಕ್ಟರ್, ಅಲ್ಲಿ ಕಟ್ಟಿರೋ ಕಾರ್ಬನ್ ನೋಡಬೇಕು.

ಇನ್ನೊಂದು, ಇಂಧನ. ಈ ಇಂಜಿನ್‌ನಲ್ಲಿ ರೈಲ್ ಒತ್ತಡ ಫುಲ್ ಲೋಡ್‌ನಲ್ಲಿ 100 ಬಾರ್ ಆಸುಪಾಸು ಇರಬೇಕು. ಹೈ ಪ್ರೆಷರ್ ಪಂಪನ್ನ ಇನ್‌ಟೇಕ್ ಕ್ಯಾಮ್‌ಶಾಫ್ಟ್ ಒತ್ತುತ್ತೆ, ನಡುವೆ ಬೆರಳಿನ ಟೋಪಿಯಷ್ಟು ಚಿಕ್ಕ ಲೋಹದ ಫಾಲೋವರ್ ಇದೆ. ಅದು ಸವೆದು ಸವೆದು ತೂತು ಬೀಳೋದು ಈ ಇಂಜಿನ್‌ನ ಹೆಸರುವಾಸಿ ತೊಂದರೆ. ಪಂಪ್‌ನ ಸ್ಟ್ರೋಕ್ ಕಡಿಮೆಯಾಗುತ್ತೆ, ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ಚೆನ್ನಾಗೇ ಓಡುತ್ತೆ, ಮೇಲೆ ಹೋದಾಗ ರೈಲ್ ಒತ್ತಡ ಕುಸಿಯುತ್ತೆ, ಪಿ0087 ಕೋಡ್ ಬರುತ್ತೆ, ಇಸಿಯು ಪವರ್ ಕತ್ತರಿಸುತ್ತೆ. ಪಂಪ್ ಬಿಚ್ಚಿ ಫಾಲೋವರ್ ಕೈಗೆ ತಗೊಂಡು ನೋಡಿದ್ರೆ ಗೊತ್ತಾಗುತ್ತೆ. ಹೊತ್ತಿಗೆ ನೋಡದಿದ್ರೆ ಕ್ಯಾಮ್‌ಶಾಫ್ಟೇ ಹಾಳು.

ಇಲ್ಲೇ ನಮ್ಮ ಹುಡುಗರು ದುಬಾರಿ ತಪ್ಪು ಮಾಡೋದು. ಗಾಡಿ ಡಲ್ ಆಯ್ತು, ಸರಿ, ರೀಮ್ಯಾಪ್ ಹಾಕಿಸೋಣ ಅಂತ ಹೋಗ್ತಾರೆ. ರೀಮ್ಯಾಪ್ ಏನು ಮಾಡುತ್ತೆ? ಜಾಸ್ತಿ ಬೂಸ್ಟ್ ಕೇಳುತ್ತೆ, ಟೈಮಿಂಗ್ ಮುಂದಕ್ಕೆ ತರುತ್ತೆ, ಕೆಲವರು ಇಸಿಯುನ ರಕ್ಷಣೆಯ ಮಿತಿಗಳನ್ನೂ ಸಡಿಲ ಮಾಡ್ತಾರೆ. ಗಾಡಿಗೆ ಇದ್ದ ರೋಗ ಏನು? ಪಂಪ್ ಇಂಧನ ಕೊಡ್ತಿಲ್ಲ. ಈಗ ಗಾಳಿ ಜಾಸ್ತಿ, ಇಂಧನ ಅಷ್ಟೇ. ಮಿಶ್ರಣ ಲೀನ್, ಅದರ ಮೇಲೆ ನಾಕ್. ಒಂದು ವಾರ ಗಾಡಿ ಹಾರುತ್ತೆ, ಆಮೇಲೆ ಪಿಸ್ಟನ್‌ನ ರಿಂಗ್ ಅಂಚು ಒಡೆಯುತ್ತೆ ಅಥವಾ ತಲೆ ಕರಗುತ್ತೆ. ಸಾವಿರದಲ್ಲಿ ಮುಗಿಯಬೇಕಿದ್ದ ಕೆಲಸ ಲಕ್ಷಕ್ಕೆ ಹೋಗುತ್ತೆ. ಅಪ್ಪನ ಕಾರು ಆಗಿದ್ರಂತೂ ಆ ಸಂಜೆ ಮನೆಯಲ್ಲಿ ಏನಾಗುತ್ತೆ ಅಂತ ನಾನು ಬರೆಯೋದು ಬೇಡ. ಜ್ವರ ಬಂದಾಗ ಥರ್ಮಾಮೀಟರ್ ಒಡೆದು ಹಾಕಿದ್ರೆ ಜ್ವರ ಹೋಗಲ್ಲ. ಟ್ಯೂನ್ ಮಾಡಿಸೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಸ್ಟಾಕ್ ಗಾಡಿ ಸ್ಟಾಕ್ ಪವರ್ ಕೊಡ್ತಿದೆ ಅಂತ ಲಾಗ್‌ನಲ್ಲಿ ಕಂಡ ಮೇಲೆ ಮಾಡಿಸಿ.

ಕಂಪ್ರೆಷನ್ ಟೆಸ್ಟ್ ಬಗ್ಗೆ ಹೆಚ್ಚು ಹೇಳಲ್ಲ, ಅದು ನಿಮ್ಮ ಲ್ಯಾಬ್‌ನಲ್ಲೇ ಇದೆ. ಲೀಕ್‌ಡೌನ್ ಟೆಸ್ಟ್ ಮಾಡೋದಾದ್ರೆ ಸೋರಿಕೆ ಶೇ. 20 ದಾಟಿದ ಸಿಲಿಂಡರ್‌ಗೆ ಕಿವಿ ಕೊಡಿ. ಸದ್ದು ಎಣ್ಣೆ ಹಾಕೋ ಬಾಯಿಯಿಂದ ಬಂದ್ರೆ ರಿಂಗ್, ಸೈಲೆನ್ಸರ್‌ನಿಂದ ಬಂದ್ರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದ್ರೆ ಗ್ಯಾಸ್ಕೆಟ್.

ಇಂಜಿನ್ ನಿರಪರಾಧಿ ಆದ್ರೆ

ಗಾಳಿ, ಟೈಮಿಂಗ್, ಇಂಧನ ಎಲ್ಲ ಸರಿ ಇದ್ದೂ ಚಕ್ರದ ಹತ್ತಿರ ಪವರ್ ಕಡಿಮೆ ಇದ್ರೆ ದಾರಿಯಲ್ಲಿ ಯಾರೋ ತಿಂದಿದ್ದಾರೆ. ಮ್ಯಾನುವಲ್ ಗಾಡಿಯಲ್ಲಿ ಕ್ಲಚ್ ಜಾರ್ತಿದೆಯಾ ಅಂತ ತಿಳಿಯೋಕೆ ಲಾಗ್‌ನ ಆರ್‌ಪಿಎಂನ್ನ ವೇಗದಿಂದ ಭಾಗಿಸಿ. ಒಂದೇ ಗೇರ್‌ನಲ್ಲಿ ಈ ಅನುಪಾತ ಬದಲಾಗಬಾರದು. ಉದಾಹರಣೆಗೆ 4000 ಆರ್‌ಪಿಎಂನಲ್ಲಿ 80 ಕಿಮೀ ಇದ್ರೆ ಅನುಪಾತ 50. 5000ದಲ್ಲಿ 100 ಇರಬೇಕು. 94 ಇದ್ರೆ 53 ಆಯ್ತು, ಕ್ಲಚ್ ಜಾರ್ತಿದೆ. ಎಕ್ಸೆಲ್‌ನಲ್ಲಿ ಒಂದು ಕಾಲಂ ಕೆಲಸ. ಟಾರ್ಕ್ ಗರಿಷ್ಠ ಇರೋ ಜಾಗದಲ್ಲೇ ಈ ಜಾರು ಶುರುವಾಗುತ್ತೆ, ಪವರ್ ಗರಿಷ್ಠ ಇರೋ ಜಾಗದಲ್ಲಿ ಅಲ್ಲ, ಯಾಕಂದ್ರೆ ಕ್ಲಚ್ ಹಿಡಿಯೋದು ಟಾರ್ಕನ್ನ.

ಬ್ರೇಕ್ ಕ್ಯಾಲಿಪರ್ ಹಿಡಿದುಕೊಂಡಿದ್ರೆ ಪತ್ತೆ ಇನ್ನೂ ಸುಲಭ. ಹತ್ತು ಹದಿನೈದು ನಿಮಿಷ ಬ್ರೇಕ್ ಹೆಚ್ಚು ಬಳಸದೆ ಓಡಿಸಿ, ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನಾಲ್ಕೂ ಡಿಸ್ಕ್ ನೋಡಿ. ಒಂದೇ ಆಕ್ಸಲ್‌ನ ಎರಡು ಡಿಸ್ಕ್‌ಗಳಲ್ಲಿ ಒಂದು ಮಾತ್ರ ಕಾದಿದ್ರೆ ಅಲ್ಲೇ ಕಳ್ಳ. ಕೈಯಿಂದ ಮುಟ್ಟಿ ನೋಡೋಕೆ ಹೋಗಬೇಡಿ. ಆಮೇಲೆ ಜ್ಯಾಕ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿದ್ರೆ ಖಾತ್ರಿ ಆಗುತ್ತೆ.

ಏನೇ ಸಿಕ್ಕಿದ್ರೂ ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ. ಮೂರು ಪಾರ್ಟ್ ಒಟ್ಟಿಗೆ ಹಾಕಿ ಗಾಡಿ ಸರಿಹೋದ್ರೆ ಯಾವುದರಿಂದ ಅಂತ ಗೊತ್ತಾಗಲ್ಲ, ಆರು ತಿಂಗಳಾದ ಮೇಲೆ ಅದೇ ತೊಂದರೆ ಬಂದಾಗ ಮತ್ತೆ ಮೂರಕ್ಕೂ ದುಡ್ಡು. ರಿಪೇರಿ ಆದ ಮೇಲೆ ಅದೇ ಗೇರ್, ಅದೇ ಜಾಗ, ಹೆಚ್ಚು ಕಡಿಮೆ ಅದೇ ಉಷ್ಣತೆಯಲ್ಲಿ ಇನ್ನೊಂದು ಲಾಗ್ ತೆಗೆದು ಹಳೇ ಫೈಲ್ ಪಕ್ಕದಲ್ಲೇ ಇಡಿ. ಗಾಡಿ ಚೆನ್ನಾಗಿ ಓಡ್ತಿರುವಾಗಲೇ ತೆಗೆದ ಒಂದು ಲಾಗ್ ನಿಮ್ಮ ಹತ್ತಿರ ಇದ್ರೆ ಈ ಇಡೀ ಕೆಲಸ ಅರ್ಧ ದಿನದ್ದು. ಈ ವಾರವೇ ಒಂದು ತೆಗೆದಿಟ್ಟುಕೊಳ್ಳಿ, ಫೈಲ್ ಹೆಸರಲ್ಲಿ ತಾರೀಕು, ಊರು, ಪೆಟ್ರೋಲ್ ಯಾವುದು ಅಂತ ಬರೆಯೋದು ಮರೀಬೇಡಿ.